ಹಳೇ ರಾಕ್ ಅಂಡ್ ರೋಲ್, ಅಂತರ್ಜಾಲದ ವಿಚಿತ್ರಗಳು: ನಿಮಗೆ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳಿ

ಸೂಜಿಮೊನೆ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಅಮೆರಿಕದ ಹಾಡುಗಾರ ಚಕ್ ಬೆರಿಯ 'ಜಾನಿ ಬಿ. ಗುಡ್' ನಾನು ನೂರಾರು ಸಲ ಕೇಳಿದ ಹಾಡು. ಶುರುವಿನ ಆ ಗಿಟಾರ್ ನನಗೆ ಬಾಯಿಪಾಠ. ಮೊನ್ನೆ ಗೆಳೆಯರೊಬ್ಬರು '1958ರ ಅಸಲಿ' ಅಂತ ಹೇಳಿ ಅದೇ ಹಾಡು ಕಳಿಸಿದರು. ಹೆಡ್‌ಫೋನ್ ಹಾಕಿ ಕೇಳಿದೆ. ದನಿ ಬೆರಿಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾದ್ಯಗಳು ಎಡಕ್ಕೊಂದು ಬಲಕ್ಕೊಂದು ಹರಡಿಕೊಂಡಿವೆ, ಹಾಡುವುದರಲ್ಲಿ ಆ ಹಳೇ ಅವಸರ ಇಲ್ಲ. ಇದು ಬೇರೆ ಹಾಡಿಕೆ ಅಂತ ನನ್ನ ಕಿವಿ ಹೇಳುತ್ತಿದೆ. ಗೆಳೆಯರು ಒಪ್ಪುತ್ತಿಲ್ಲ. ತಿಳಿದವರು ಹೇಳಿ.

ಹಾಗೇ ಇನ್ನೊಂದು ಕೆಲಸವೂ ಆಗಲಿ. ಹಳೇ ರಾಕ್ ಅಂಡ್ ರೋಲ್ ಹುಡುಕುತ್ತಾ ಹೋದಾಗ ಅಂತರ್ಜಾಲದಲ್ಲಿ ಎಂತೆಂಥ ವಿಚಿತ್ರ ಸಿಗುತ್ತವೆ ಅಲ್ವಾ? ಅವನ್ನೂ ಇಲ್ಲಿ ಹಾಕಿ. ಒಂದೇ ಕೋರಿಕೆ. ಬರೀ ಹೆಸರು ಬರೆದು ಹೋಗಬೇಡಿ. ಯಾರು, ಯಾವ ವರ್ಷ, ಯಾಕೆ ಇಷ್ಟ ಅಂತ ಎರಡು ಸಾಲು ಇರಲಿ.

ಮೊದಲನೆಯದು ನನ್ನಿಂದ: ಲಿಂಕ್ ರೇ, 'ರಂಬಲ್', 1958. ಮಾತೇ ಇಲ್ಲ, ಬರೀ ಗಿಟಾರ್. ಸದ್ದು ಒರಟಾಗಿ ಬರಲಿ ಅಂತ ಆಂಪ್ಲಿಫೈಯರಿನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಮಾಡಿದ್ದರು. ರಂಬಲ್ ಅಂದ್ರೆ ಹುಡುಗರ ಗುಂಪುಗಳ ಬೀದಿ ಜಗಳ. ಆ ಹೆಸರಿಗೇ ಹೆದರಿ ಅಮೆರಿಕದ ಕೆಲವು ರೇಡಿಯೊಗಳು ಹಾಕಲ್ಲ ಅಂದವು. ಒಂದೂ ಪದ ಇಲ್ಲದ ಹಾಡಿಗೆ ನಿಷೇಧ!

ಬಾಸ್‌ತಂತಿ
ನಿಮ್ಮ ಕಿವಿ ಸರಿ ಇದೆ. ನೀವು ಕೇಳಿದ್ದು ಮರ್ಕ್ಯುರಿ ಕಂಪನಿಯದು ಅಂತ ಕಾಣುತ್ತದೆ. ಬೆರಿ ಮೊದಲು ಶಿಕಾಗೋದ ಚೆಸ್ ಕಂಪನಿಗೆ ಹಾಡುತ್ತಿದ್ದರು. 1966ರಲ್ಲಿ ಅದನ್ನು ಬಿಟ್ಟು ಮರ್ಕ್ಯುರಿ ಸೇರಿದರು, ಅಲ್ಲಿ ತಮ್ಮದೇ ಹಳೇ ಹಾಡುಗಳನ್ನು ಮತ್ತೆ ಹಾಡಿದರು, 1967ರಲ್ಲಿ ಅವು ಆಲ್ಬಮ್ ಆಗಿ ಬಂದವು. 1958ರ ಸಿಂಗಲ್ ಮೋನೊ. ಎಲ್ಲ ವಾದ್ಯವೂ ನಡುವೆ ಒಂದೇ ಕಡೆಯಿಂದ ಕೇಳಬೇಕು. ಎಡ ಬಲ ಚೆದುರಿದ್ದರೆ ಅಲ್ಲೇ ಅನುಮಾನ ಪಡಿ.

ಲಿಟಲ್ ರಿಚರ್ಡ್ ಹಾಡುಗಳಲ್ಲೂ ಇದೇ ಕಥೆ. ಸ್ಪೆಷಾಲ್ಟಿ ಕಂಪನಿಗೆ ಹಾಡಿದ್ದನ್ನು 1964ರಲ್ಲಿ ವೀ-ಜೇ ಕಂಪನಿಗೆ ಮತ್ತೆ ಹಾಡಿದರು. 'ಟುಟಿ ಫ್ರುಟಿ' ಅಂತ ಹುಡುಕಿದರೆ ಎರಡೂ ಬರುತ್ತವೆ.

ಗಿರಗಿಟ್ಲೆ
ಹಾಡಿದವರೇ ಮತ್ತೆ ಹಾಡಿದರೆ ಅದೂ ಅಸಲಿಯೇ ಅಲ್ವಾ? ಇದರಲ್ಲಿ ಮೋಸ ಏನಿದೆ?

ಬಾಸ್‌ತಂತಿ
ಮತ್ತೆ ಹಾಡಿದ್ದು ಮೋಸ ಅಲ್ಲ. ಹಳೇ ಟೇಪು ಹಳೇ ಕಂಪನಿಯದು. ಹೊಸ ಕಂಪನಿಗೆ ಆ ಹಾಡು ಮಾರಬೇಕು ಅಂದ್ರೆ ಹೊಸದಾಗಿ ಹಾಡಿಸಬೇಕು. ಅದು ವ್ಯಾಪಾರ. ಆದರೆ 1967ರ ಹಾಡಿಗೆ 1958 ಅಂತ ಬರೆದು ಹಂಚಿದರೆ ಅದು ಸುಳ್ಳು. ಇವತ್ತು ಮೊದಲ ಸಲ ಬೆರಿಯನ್ನು ಕೇಳುವ ಹುಡುಗ ಇದನ್ನು ಕೇಳಿ 'ಇಷ್ಟೇನಾ' ಅಂದುಕೊಂಡರೆ ಯಾರ ತಪ್ಪು?

ನೀಲಿಲೇಬಲ್
ಅಸಲಿ ಹಾಡಿನಲ್ಲಿ ಜಾನಿ ಜಾನ್ಸನ್ ಪಿಯಾನೊ ಕೇಳಿ. ಬೆರಿಯ ಗಿಟಾರಿನ ಹಿಂದೆ ಓಡುತ್ತಲೇ ಇರುತ್ತದೆ. ಮತ್ತೆ ಹಾಡಿದ್ದರಲ್ಲಿ ಆ ಜೀವ ಇಲ್ಲ.

ರಾತ್ರಿರೇಡಿಯೊ
ನೀಲಿಲೇಬಲ್ ಅವರೇ, ಒಂದು ಸಣ್ಣ ತಿದ್ದುಪಡಿ. ಆ ಹಾಡಿಗೆ ಸ್ಫೂರ್ತಿ ಜಾನಿ ಜಾನ್ಸನ್, ಹೆಸರೂ ಅವರಿಂದಲೇ ಬಂತು. ಆದರೆ ಚೆಸ್ ರೆಕಾರ್ಡಿಂಗ್‌ನಲ್ಲಿ ಪಿಯಾನೊ ನುಡಿಸಿದವರು ಲಫಯೆಟ್ ಲೀಕ್. ಬಾಸ್ ವಿಲ್ಲಿ ಡಿಕ್ಸನ್, ಡ್ರಮ್ಸ್ ಫ್ರೆಡ್ ಬಿಲೋ. 1955ರ 'ಮೇಬಲೀನ್'ನಲ್ಲಿ ಇರುವುದು ಜಾನ್ಸನ್ ಅವರೇ.

ನೀಲಿಲೇಬಲ್
ಓಹ್! ಇಷ್ಟು ವರ್ಷ ತಪ್ಪು ತಿಳಿದಿದ್ದೆ. ಧನ್ಯವಾದ.

ಚುಕ್ಕಿನೋಡು
ಜಾನಿ ಬಿ. ಗುಡ್ ಮಾತು ಬಂತಲ್ಲ, ನನಗೆ ಸುಮ್ನಿರಲು ಆಗಲಿಲ್ಲ. 1977ರಲ್ಲಿ ಹೋದ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲೂ ಒಂದೊಂದು ಚಿನ್ನದ ಲೇಪನದ ತಾಮ್ರದ ತಟ್ಟೆ ಇದೆ. ಅದರಲ್ಲಿ 27 ಸಂಗೀತದ ತುಣುಕು. ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಹಾಡಿದ್ದೂ ಇದೆ, ಚಕ್ ಬೆರಿಯ ಈ ಹಾಡೂ ಇದೆ. ಇಡೀ ತಟ್ಟೆಯಲ್ಲಿ ರಾಕ್ ಅಂಡ್ ರೋಲ್ ಅಂತ ಇರುವುದು ಇದೊಂದೇ. ಆಯ್ಕೆ ಮಾಡುವಾಗ ಜಾನಪದ ಸಂಗೀತ ಸಂಗ್ರಹಕಾರ ಅಲನ್ ಲೋಮ್ಯಾಕ್ಸ್ 'ಇದು ಹದಿಹರೆಯದವರ ಸಂಗೀತ' ಅಂತ ಬೇಡ ಅಂದಿದ್ದರಂತೆ. ಅದಕ್ಕೆ ಆಯ್ಕೆ ತಂಡದ ಮುಖ್ಯಸ್ಥ, ಖಗೋಳ ವಿಜ್ಞಾನಿ ಕಾರ್ಲ್ ಸಾಗನ್, ಭೂಮಿಯ ಮೇಲೆ ಹದಿಹರೆಯದವರು ತುಂಬಾ ಜನ ಇದ್ದಾರೆ ಅಂದರು. ನನಗೆ ಆ ಉತ್ತರ ತುಂಬಾ ಇಷ್ಟ.

ಆ ತಟ್ಟೆ ಓಡುವುದು ನಿಮಿಷಕ್ಕೆ ಹದಿನಾರೂ ಮುಕ್ಕಾಲು ಸುತ್ತಿನ ವೇಗದಲ್ಲಿ. ಕಡಿಮೆ ವೇಗ ಇದ್ದರೆ ಜಾಸ್ತಿ ಹಾಡು ಹಿಡಿಯುತ್ತದೆ.

ಮೂರುವೇಗ
ಹದಿನಾರೂ ಮುಕ್ಕಾಲಲ್ಲ, ಹದಿನಾರೂ ಮೂರನೇ ಎರಡು. ಎಲ್‌ಪಿ ಓಡುವುದು ಮೂವತ್ತಮೂರೂ ಮೂರನೇ ಒಂದರಲ್ಲಿ. ಸರಿಯಾಗಿ ಅದರ ಅರ್ಧ.

ಇದೇ ವೇಗದ ಇನ್ನೊಂದು ವಿಚಿತ್ರ ಇದೆ. 1956ರ ಕ್ರೈಸ್ಲರ್ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ರೆಕಾರ್ಡ್ ಪ್ಲೇಯರ್ ಹಾಕಿಸಿಕೊಳ್ಳಬಹುದಿತ್ತು. ಹೆಸರು ಹೈವೇ ಹೈ-ಫೈ. ಕಾರು ಓಡುತ್ತಿದ್ದಾಗಲೇ ತಟ್ಟೆ ತಿರುಗುತ್ತಿತ್ತು! ಏಳು ಇಂಚಿನ ತಟ್ಟೆ, ಅದೇ ನಿಧಾನದ ವೇಗ. ಮುಳ್ಳು ಹಾರಬಾರದು ಅಂತ ಭಾರ ಹೆಚ್ಚಿಸಿದ್ದರು. ಆದರೆ ಅದಕ್ಕೆ ಕೊಲಂಬಿಯಾ ಕಂಪನಿ ಮಾಡಿದ ವಿಶೇಷ ತಟ್ಟೆಗಳೇ ಬೇಕು. ಮನೆಯಲ್ಲಿದ್ದ, ನಿಮಿಷಕ್ಕೆ 45 ಸುತ್ತಿನ ತಟ್ಟೆ ಅದರಲ್ಲಿ ಹಾಕಲು ಬರುವುದಿಲ್ಲ. ಅಂದ್ರೆ ಹುಡುಗರಿಗೆ ಬೇಕಾದ ರಾಕ್ ಅಂಡ್ ರೋಲ್ ಕಾರಿನಲ್ಲಿ ಕೇಳಲು ಆಗುತ್ತಿರಲಿಲ್ಲ. ಜಾಸ್ತಿ ದಿನ ನಡೆಯಲಿಲ್ಲ. ಜಾಹೀರಾತಿನ ಚಿತ್ರಗಳು ಸಿಗುತ್ತವೆ, ಹುಡುಕಿ ನೋಡಿ.

ಚುಕ್ಕಿನೋಡು
ಮೂರನೇ ಎರಡು, ಒಪ್ಪಿದೆ. ಕಾರಿನ ವಿಷಯ ಗೊತ್ತೇ ಇರಲಿಲ್ಲ. ಕಾರಿನ ತಟ್ಟೆಗೂ ನಕ್ಷತ್ರಕ್ಕೆ ಕಳಿಸಿದ ತಟ್ಟೆಗೂ ಒಂದೇ ವೇಗ ಅನ್ನುವುದು ಎಷ್ಟು ಚೆನ್ನಾಗಿದೆ.

ಪಾತಾಳಗರಡಿ
ನನ್ನ ಪಾಲು: ಎಲುಬಿನ ಮೇಲಿನ ಸಂಗೀತ. ಸೋವಿಯತ್ ರಷ್ಯಾದಲ್ಲಿ ಪಶ್ಚಿಮದ ಹಾಡುಗಳಿಗೆ ತಡೆ ಇತ್ತು. ರೆಕಾರ್ಡು ಒತ್ತಲು ವಿನೈಲ್ ಎಲ್ಲಿಂದ ತರಬೇಕು? ಆಸ್ಪತ್ರೆಗಳು ಎಸೆದ ಎಕ್ಸ್‌ರೇ ಫಿಲಂ ತಂದರು. ಕತ್ತರಿಯಿಂದ ದುಂಡಗೆ ಕತ್ತರಿಸಿದರು. ನಡುವಿನ ತೂತು ಸಿಗರೇಟಿನಿಂದ ಸುಟ್ಟು ಮಾಡಿದರು. ಮನೆಯಲ್ಲೇ ಕಟ್ಟಿಕೊಂಡ ಯಂತ್ರದಿಂದ ಅದರ ಮೇಲೆ ಹಾಡು ಕೊರೆದರು. ಒಂದೇ ಬದಿ, ನಿಮಿಷಕ್ಕೆ 78 ಸುತ್ತಿನ ವೇಗ, ಕೆಲವು ಸಲ ಹಾಕಿದರೆ ಸವೆದು ಹೋಗುತ್ತಿತ್ತು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು ಕಾಣುತ್ತದೆ. ಅದಕ್ಕೇ ಜನ ಅದನ್ನು 'ಪಕ್ಕೆಲುಬು' ಅಂತಲೇ ಕರೆಯುತ್ತಿದ್ದರು. ಎಲ್ವಿಸ್ ಹಾಡುವಾಗ ಕೆಳಗೆ ಯಾರದೋ ಎದೆಗೂಡು ತಿರುಗುತ್ತದೆ. ಆ ಚಿತ್ರ ನೋಡಿದ ಮೇಲೆ ಆ ಹಾಡು ಮೊದಲಿನ ಹಾಗೆ ಕೇಳಿಸಲಿಲ್ಲ.

ರಾತ್ರಿರೇಡಿಯೊ
ಒಳ್ಳೆಯದು ಹಾಕಿದಿರಿ. ಆದರೆ ಅದರಲ್ಲಿ ರಾಕ್ ಅಂಡ್ ರೋಲ್ ಮಾತ್ರ ಇತ್ತು ಅಂತ ಯಾರೂ ತಿಳಿಯಬಾರದು. ಇದು ಲೆನಿನ್‌ಗ್ರಾಡಿನಲ್ಲಿ ಯುದ್ಧ ಮುಗಿದ ಹೊತ್ತಿಗೇ ಶುರುವಾಯಿತು, ಆಗ ರಾಕ್ ಎಲ್ಲಿತ್ತು? ಜಾಸ್, ಟ್ಯಾಂಗೊ, ದೇಶ ಬಿಟ್ಟು ಹೋದ ರಷ್ಯನ್ ಹಾಡುಗಾರರ ಹಾಡುಗಳೇ ಮೊದಲು. ಮಾಡಿದವರು ಜೈಲಿಗೂ ಹೋದರು.

ಪಾತಾಳಗರಡಿ
ಹೌದು, ಅದನ್ನು ಬರೆಯಬೇಕಿತ್ತು.

ಮೂಲೆಸ್ಪೀಕರ್
ಒಂದು ಪ್ರಶ್ನೆ ಎಲ್ಲರಿಗೂ. ಮೊದಲ ರಾಕ್ ಅಂಡ್ ರೋಲ್ ಹಾಡು ಯಾವುದು? ನನ್ನ ಉತ್ತರ ಬಿಲ್ ಹೇಲಿಯ 'ರಾಕ್ ಅರೌಂಡ್ ದ ಕ್ಲಾಕ್'.

ಬಾಸ್‌ತಂತಿ
ಖಂಡಿತ ಅಲ್ಲ. ಅದು ರೆಕಾರ್ಡ್ ಆಗಿದ್ದು 1954ರ ಏಪ್ರಿಲ್‌ನಲ್ಲಿ. 1951ರಲ್ಲೇ 'ರಾಕೆಟ್ 88' ಬಂದಿತ್ತು. ಮೆಂಫಿಸ್‌ನಲ್ಲಿ ಸ್ಯಾಮ್ ಫಿಲಿಪ್ಸ್ ಸ್ಟುಡಿಯೊ. ತಟ್ಟೆಯ ಮೇಲೆ ಜ್ಯಾಕಿ ಬ್ರೆನ್‌ಸ್ಟನ್ ಹೆಸರು ಇದ್ದರೂ ತಂಡ ಐಕ್ ಟರ್ನರ್‌ದು. ಬರುವಾಗ ಗಿಟಾರಿನ ಆಂಪ್ಲಿಫೈಯರ್ ಹಾಳಾಗಿತ್ತು. ಫಿಲಿಪ್ಸ್ ಅದನ್ನು ಬಿಸಾಡಲಿಲ್ಲ, ಒಳಗೆ ಕಾಗದ ತುರುಕಿ ಹಾಗೇ ನುಡಿಸಿ ಅಂದರು. ಆ ಗುರುಗುಟ್ಟುವ ಸದ್ದು ಹುಟ್ಟಿದ್ದು ಹಾಗೆ. ರಂಬಲ್‌ಗೂ ಏಳು ವರ್ಷ ಮೊದಲು.

ಗಿರಗಿಟ್ಲೆ
ಫ್ಯಾಟ್ಸ್ ಡೊಮಿನೊ 'ದ ಫ್ಯಾಟ್ ಮ್ಯಾನ್', 1949ರ ಡಿಸೆಂಬರ್. ನ್ಯೂ ಓರ್ಲಿಯನ್ಸ್. ಮುಗಿಯಿತು.

ಹಾಡುಹಕ್ಕಿ
ಮುಗಿಯಲಿಲ್ಲ. ಸಿಸ್ಟರ್ ರೊಸೆಟಾ ಥಾರ್ಪ್ ಅವರನ್ನು ಯಾಕೆ ಎಲ್ಲರೂ ಮರೆಯುತ್ತೀರಿ? 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವೆರಿ ಡೇ' 1944ರಲ್ಲಿ ರೆಕಾರ್ಡ್ ಆಗಿದ್ದು. ಚರ್ಚಿನ ಹಾಡು, ಆದರೆ ಗಿಟಾರ್ ಕೇಳಿ. ಬೆರಿಗೂ ಎಲ್ವಿಸ್‌ಗೂ ಅವರು ಗುರುವಿನ ಹಾಗೆ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿದ್ದು 2018ರಲ್ಲಿ. ಅವರು ತೀರಿಕೊಂಡು ಸುಮಾರು 45 ವರ್ಷ ಆದ ಮೇಲೆ! ನನಗೆ ಈಗಲೂ ಸಿಟ್ಟು ಬರುತ್ತದೆ.

ನೋಡದೇ ಇರುವವರು ಒಂದು ವಿಡಿಯೊ ನೋಡಲೇಬೇಕು. 1964, ಇಂಗ್ಲೆಂಡಿನ ಮ್ಯಾಂಚೆಸ್ಟರ್. ಬಳಕೆ ನಿಂತ ಒಂದು ರೈಲು ನಿಲ್ದಾಣದಲ್ಲಿ ಟಿವಿ ಕಾರ್ಯಕ್ರಮ. ಒಂದು ಪ್ಲಾಟ್‌ಫಾರ್ಮಿನಲ್ಲಿ ಹಾಡುಗಾರರು, ಎದುರಿನದರಲ್ಲಿ ಕೇಳುಗರು, ನಡುವೆ ಹಳಿ. ಥಾರ್ಪ್ ಕುದುರೆಗಾಡಿಯಲ್ಲಿ ಬಂದು ಇಳಿಯುತ್ತಾರೆ. ಮಳೆ ಬಂದಿದೆ. ಅವರು ಬಿಳಿ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು ಮಳೆಯ ಹಾಡನ್ನೇ ಎತ್ತುತ್ತಾರೆ. ಕೋಟು ಹಾಕಿಕೊಂಡು ಸೋಲೊ ಬಾರಿಸುವ ಆ ಗತ್ತು! ನಾನು ಬೇಜಾರಾದಾಗೆಲ್ಲ ಅದನ್ನು ಹಾಕುತ್ತೇನೆ.

ಮೂಲೆಸ್ಪೀಕರ್
ಹಾಡುಹಕ್ಕಿ ಅವರೇ, ಈಗ ನೋಡಿ ಬಂದೆ. ವಾದ ಬಿಟ್ಟೆ. ಎಷ್ಟು ಆರಾಮಾಗಿ ನುಡಿಸುತ್ತಾರೆ!

ಸಾಲುದೀಪ
ಹೇಲಿ ಹಾಡನ್ನು ಅಷ್ಟು ಬೇಗ ತಳ್ಳಬೇಡಿ. ಅದರ ಗಿಟಾರ್ ಸೋಲೊ ನುಡಿಸಿದ ಡ್ಯಾನಿ ಸೆಡ್ರೋನ್ ಕಥೆ ಗೊತ್ತಾ? ಹಾಡು ಮೊದಲು ಬಂದಾಗ ದೊಡ್ಡ ಸದ್ದು ಮಾಡಲಿಲ್ಲ, ತಟ್ಟೆಯ ಹಿಂಬದಿಯಲ್ಲಿ, ಅಂದ್ರೆ ಬಿ ಬದಿಯಲ್ಲಿತ್ತು. 1955ರಲ್ಲಿ ಒಂದು ಸಿನಿಮಾದ ಶುರುವಿನಲ್ಲಿ ಹಾಕಿದ ಮೇಲೆ ಜಗತ್ತೇ ಕುಣಿಯಿತು. ಆದರೆ ಸೆಡ್ರೋನ್ 1954ರ ಜೂನ್‌ನಲ್ಲೇ ಮೆಟ್ಟಿಲಿಂದ ಬಿದ್ದು ತೀರಿಕೊಂಡಿದ್ದರು. ತಾನು ನುಡಿಸಿದ್ದು ಏನಾಯಿತು ಅಂತ ಅವರು ನೋಡಲೇ ಇಲ್ಲ. ಆ ಸೋಲೊ ಬಂದಾಗೆಲ್ಲ ನನಗೆ ಇದೇ ನೆನಪಾಗುತ್ತದೆ. ಇನ್ನೊಂದು, ಅದೇ ಸೋಲೊವನ್ನು ಅವರು 1952ರಲ್ಲಿ ಹೇಲಿಯ 'ರಾಕ್ ದ ಜಾಯಿಂಟ್'ನಲ್ಲೇ ನುಡಿಸಿದ್ದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಗಿರಗಿಟ್ಲೆ
ಮತ್ತೆ ಮೋನೊ ಸ್ಟೀರಿಯೊ ವಿಷಯಕ್ಕೆ ಬರುತ್ತೇನೆ. ನನಗೆ ಸ್ಟೀರಿಯೊನೇ ಇಷ್ಟ. ಕಿವಿಗೆ ಜಾಗ ಸಿಗುತ್ತದೆ. ಮೋನೊ ಹಿಡಿದುಕೊಂಡು ಹಟ ಮಾಡುವುದು ಯಾಕೆ?

ಮೂರುವೇಗ
ಸ್ಟೀರಿಯೊದಲ್ಲೇ ರೆಕಾರ್ಡ್ ಮಾಡಿದ್ದರೆ ಕೇಳಿ, ಯಾರು ಬೇಡ ಅಂದರು. 1960ರ ದಶಕದಲ್ಲಿ ಕಂಪನಿಗಳು ಹಳೇ ಮೋನೊ ಹಾಡುಗಳನ್ನೇ ಸುಳ್ಳು ಸ್ಟೀರಿಯೊ ಮಾಡಿ ಮಾರಿದವು. ಒಂದು ಕಡೆ ದಪ್ಪ ಸ್ವರ ಜಾಸ್ತಿ, ಇನ್ನೊಂದು ಕಡೆ ತೆಳು ಸ್ವರ ಜಾಸ್ತಿ, ಜೊತೆಗೆ ಒಂದನ್ನು ಚೂರು ತಡವಾಗಿ ಬಿಡುವುದು. ಕೇಳಿದರೆ ತಲೆ ಸುತ್ತುತ್ತದೆ.

ನಾನೂ ಒಮ್ಮೆ ಇದಕ್ಕೆ ಸಿಕ್ಕಿಬಿದ್ದೆ. ಮಾರಿದವರು 'ಮೊದಲ ಒತ್ತು', ಅಂದ್ರೆ ಮೊದಲ ಸಲ ಅಚ್ಚಾದ ತಟ್ಟೆ ಅಂತ ಹೇಳಿದ್ದರು. ಮನೆಗೆ ಬಂದು ಹಾಕಿದರೆ ಹಾಡುಗಾರ ಬಾವಿಯೊಳಗಿಂದ ಕೂಗಿದ ಹಾಗೆ. ಲಕೋಟೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸ್ಟೀರಿಯೊಗೆ ಬದಲಿಸಿದೆ ಅಂತ ಬರೆದಿತ್ತು. ಅವತ್ತಿಂದ ಮೊದಲು ಆ ಮೂಲೆ ನೋಡುತ್ತೇನೆ.

ಸೂಜಿಮೊನೆ
ಸ್ಯಾಮ್ ಫಿಲಿಪ್ಸ್ ಅವರ ಸನ್ ಸ್ಟುಡಿಯೊದ ಹಾಡುಗಳಲ್ಲೂ ಒಂದು ಪ್ರತಿಧ್ವನಿ ಇದೆಯಲ್ಲ, ಅದೂ ಆಮೇಲೆ ಸೇರಿಸಿದ್ದಾ?

ಬಾಸ್‌ತಂತಿ
ಇಲ್ಲ ಇಲ್ಲ, ಅದು ಬೇರೆ. ಅದು ಹಾಡುವಾಗಲೇ ಮಾಡಿದ್ದು, ಮತ್ತು ಅದು ಆ ಹಾಡುಗಳ ಉಸಿರು. ಸ್ಯಾಮ್ ಫಿಲಿಪ್ಸ್ ಹತ್ತಿರ ಎರಡು ಆಂಪೆಕ್ಸ್ ಟೇಪ್ ಯಂತ್ರ ಇದ್ದವು. ಹಾಡು ಒಂದರಲ್ಲಿ ರೆಕಾರ್ಡ್ ಆಗುತ್ತದೆ. ಅದೇ ಹೊತ್ತಿಗೆ ಎರಡನೆಯ ಯಂತ್ರಕ್ಕೂ ಹೋಗುತ್ತದೆ. ಆ ಯಂತ್ರದಲ್ಲಿ ಬರೆಯುವ ತಲೆ ಮತ್ತು ಓದುವ ತಲೆ ಅಕ್ಕಪಕ್ಕ ಇರುತ್ತವೆ, ನಡುವೆ ಚೂರು ಅಂತರ. ಟೇಪು ಆ ಅಂತರ ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕು. ಆ ತಡವಾದ ದನಿಯನ್ನು ಮೊದಲ ಯಂತ್ರಕ್ಕೆ ಬೆರೆಸಿದರೆ 'ಟಕ್' ಅಂದದ್ದು 'ಟಟಕ್' ಅಂತ ಕೇಳುತ್ತದೆ. 1954ರ ಜುಲೈನ ಎಲ್ವಿಸ್ ಹಾಡುಗಳನ್ನು ಕೇಳಿ. ಡ್ರಮ್ಸೇ ಇಲ್ಲ. ಎಲ್ವಿಸ್, ಸ್ಕಾಟಿ ಮೂರ್, ಬಿಲ್ ಬ್ಲ್ಯಾಕ್, ಮೂರೇ ಜನ. ಆದರೂ ಕೋಣೆ ತುಂಬಿದ ಹಾಗೆ ಇದೆ. ಆಮೇಲೆ ಎಲ್ವಿಸ್ ಆರ್‌ಸಿಎ ಕಂಪನಿಗೆ ಹೋದಾಗ ಅಲ್ಲಿನವರಿಗೆ ಆ ಸದ್ದು ತರಲು ಗೊತ್ತಾಗಲಿಲ್ಲ. 1956ರಲ್ಲಿ ನ್ಯಾಶ್‌ವಿಲ್‌ನಲ್ಲಿ ಕಟ್ಟಡದ ಕಾರಿಡಾರನ್ನೇ ಪ್ರತಿಧ್ವನಿಗೆ ಬಳಸಿದರು. 'ಹಾರ್ಟ್‌ಬ್ರೇಕ್ ಹೋಟೆಲ್' ಅಷ್ಟು ಖಾಲಿ ಖಾಲಿ ಕೇಳುವುದು ಅದಕ್ಕೇ. ಆ ಹಾಡಿಗೆ ಅದು ಚೆನ್ನಾಗಿ ಒಗ್ಗಿತು ಅನ್ನಿ.

ನೀಲಿಲೇಬಲ್
ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಉಳಿಸಿಟ್ಟುಕೊಂಡೆ.

ಹೊಸಬ_78
ನಾನು ಓದುತ್ತಾ ಕೂತಿದ್ದೆ, ಈಗ ಒಂದು ಸಹಾಯ ಬೇಕು. ನನಗೆ ಕೆಲವು 78ರ ತಟ್ಟೆಗಳು ಸಿಕ್ಕಿವೆ, ತುಂಬಾ ಧೂಳು. ಸ್ಪಿರಿಟ್ ಹಾಕಿ ಒರೆಸಬಹುದಾ? ಡಿಜಿಟಲ್ ಮಾಡಿ ಹಂಚುವ ಆಸೆ.

ಮೂರುವೇಗ
ಬೇಡ, ದಯವಿಟ್ಟು ಬೇಡ! ಆ ತಟ್ಟೆಗಳಲ್ಲಿ ಅರಗು ಇದೆ. ಸ್ಪಿರಿಟ್ ತಗುಲಿದರೆ ಅರಗು ಕರಗುತ್ತದೆ, ಹಾಡೇ ಅಳಿಸಿಹೋಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಮೆದು ಸೋಪು, ಮೆತ್ತನೆಯ ಬ್ರಷ್, ಗೆರೆಯ ಜೊತೆಗೇ ಸುತ್ತಲೂ ಒರೆಸಿ, ತಕ್ಷಣ ಒಣಗಿಸಿ. ಲೇಬಲ್ ಒದ್ದೆ ಆಗಬಾರದು.

ಎಲ್‌ಪಿ ಮುಳ್ಳಿನಲ್ಲೂ ಹಾಕಬೇಡಿ. 78ರ ಗೆರೆ ಅಗಲ. ಅದಕ್ಕೆ ಸುಮಾರು 76 ಮೈಕ್ರಾನಿನ ಮುಳ್ಳು ಬೇಕು, ಎಲ್‌ಪಿದು 25ಕ್ಕಿಂತ ಜಾಸ್ತಿ ಇರುವುದಿಲ್ಲ. ಸಣ್ಣ ಮುಳ್ಳು ಗೆರೆಯ ತಳದಲ್ಲಿ ಕಸ ಕೆರೆಯುತ್ತಾ ಹೋಗುತ್ತದೆ, ಬರೀ ಗರಗರ ಸದ್ದು. ಕಂಪ್ಯೂಟರಿಗೆ ಇಳಿಸಿದ ಮೇಲೆ ಎರಡೂ ಚಾನೆಲ್ ಸೇರಿಸಿ ಮೋನೊ ಮಾಡಿ. ಅರ್ಧ ಗಲಾಟೆ ಅಲ್ಲೇ ಕಡಿಮೆಯಾಗುತ್ತದೆ. ಗಿರಗಿಟ್ಲೆ ಅವರೇ, ಮೋನೊದಿಂದ ಇದೂ ಒಂದು ಉಪಯೋಗ.

ಹೊಸಬ_78
ಬಚಾವಾದೆ. ಸ್ಪಿರಿಟ್ ಬಾಟಲಿ ಪಕ್ಕದಲ್ಲೇ ಇತ್ತು. ಹಂಚುವುದಕ್ಕೆ ಏನಾದರೂ ಕಾನೂನಿನ ತೊಂದರೆ ಇದೆಯಾ? ಇಷ್ಟು ಹಳೇದಲ್ವಾ?

ರಾತ್ರಿರೇಡಿಯೊ
ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 2018ರಲ್ಲಿ ಬಂದ ಕಾನೂನಿನ ಪ್ರಕಾರ 1947ರಿಂದ 1956ರವರೆಗೆ ಬಂದ ರೆಕಾರ್ಡಿಂಗಿಗೆ 110 ವರ್ಷ ಹಕ್ಕು. ಅಂದ್ರೆ 1954ರ ಎಲ್ವಿಸ್ ಅಲ್ಲಿ ಬಿಡುಗಡೆ ಆಗುವುದು 2065ಕ್ಕೆ. 1957ರಿಂದ 1972ರ ಫೆಬ್ರವರಿ ಮಧ್ಯದವರೆಗೆ ಬಂದವಕ್ಕೆ 2067ರವರೆಗೆ ಬೀಗ. ಯುರೋಪಿನ ಒಕ್ಕೂಟದಲ್ಲಿ 1963ಕ್ಕೆ ಮೊದಲು ಬಂದ ರೆಕಾರ್ಡಿಂಗುಗಳ ಹಕ್ಕು ಆಗಲೇ ಮುಗಿದಿದೆ. ಅಲ್ಲಿ ಈ ಹಾಡುಗಳ ಸಿಡಿ ರಾಶಿ ರಾಶಿ ಬರುವುದು ಅದಕ್ಕೇ.

ಹಾಡುಹಕ್ಕಿ
ಅದು ರೆಕಾರ್ಡಿಂಗಿನ ಹಕ್ಕು ಮಾತ್ರ. ಹಾಡು ಬರೆದವರ ಹಕ್ಕು ಬೇರೆ ಇದೆ. ಅದನ್ನು ಮರೆಯಬೇಡಿ. ಈ ಹಾಡುಗಳನ್ನು ಬರೆದ ಕಪ್ಪು ಜನರಿಗೆ ಆಗಲೇ ಸಾಕಷ್ಟು ಅನ್ಯಾಯ ಆಗಿದೆ. 'ಮೇಬಲೀನ್' ಬೆರಿ ಬರೆದದ್ದು, ಆದರೆ ರೇಡಿಯೊದವರಾದ ಅಲನ್ ಫ್ರೀಡ್ ಹೆಸರನ್ನೂ ಬರೆದವರ ಪಟ್ಟಿಯಲ್ಲಿ ಸೇರಿಸಿದರು. 'ಲೂಯಿ ಲೂಯಿ' ಬರೆದ ರಿಚರ್ಡ್ ಬೆರಿ ಮದುವೆ ಖರ್ಚಿಗೆ ಹಕ್ಕನ್ನು 750 ಡಾಲರಿಗೆ ಮಾರಿಬಿಟ್ಟರು. ಆಮೇಲೆ ಅದು ಎಷ್ಟು ಜನರ ಕೈಯಲ್ಲಿ ಎಷ್ಟು ದುಡಿಯಿತು!

ಪಾತಾಳಗರಡಿ
ಲೂಯಿ ಲೂಯಿ ಅಂದಿರಾ! ನನ್ನ ಎರಡನೇ ವಿಚಿತ್ರ ಅದೇ. 1963ರಲ್ಲಿ ಕಿಂಗ್ಸ್‌ಮೆನ್ ತಂಡ ಪೋರ್ಟ್‌ಲ್ಯಾಂಡಿನಲ್ಲಿ ಹಾಡಿತು. ಮೈಕು ಮೇಲೆ ಎತ್ತರದಲ್ಲಿ ತೂಗಿತ್ತು. ಹಾಡುಗಾರ ಕತ್ತು ಎತ್ತಿ ಕೂಗಬೇಕಾಯಿತು. ಒಂದು ಪದವೂ ಸರಿಯಾಗಿ ಕೇಳುವುದಿಲ್ಲ. ಹಾಗಾಗಿ ಜನ ತಮಗೆ ತೋಚಿದ ಅಶ್ಲೀಲ ಪದ ಸೇರಿಸಿಕೊಂಡರು. ಪೋಷಕರು ದೂರು ಬರೆದರು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ತನಿಖೆಗೆ ಇಳಿಯಿತು! ಬೇರೆ ಬೇರೆ ವೇಗದಲ್ಲಿ ಹಾಕಿ ಕೇಳಿದರು. ಕೊನೆಗೆ ಯಾವ ವೇಗದಲ್ಲೂ ಅರ್ಥ ಆಗುವುದಿಲ್ಲ ಅಂತ ಬರೆದು ಮುಚ್ಚಿದರು. ನೂರಕ್ಕೂ ಹೆಚ್ಚು ಪುಟದ ಆ ಫೈಲು ಎಫ್‌ಬಿಐ ತಾಣದಲ್ಲೇ ಇದೆ, ಯಾರು ಬೇಕಾದರೂ ಓದಬಹುದು. ಅಸಲಿ ಮಾತು ಏನು ಗೊತ್ತಾ? ಹಡಗಿನವನೊಬ್ಬ ತನ್ನ ಹುಡುಗಿಯ ಹತ್ತಿರ ವಾಪಸು ಹೋಗಬೇಕು ಅಂತ ಹೇಳುತ್ತಾನೆ, ಅಷ್ಟೇ.

ಮೂಲೆಸ್ಪೀಕರ್
ಅದರಲ್ಲಿ ಸೋಲೊ ಮುಗಿದ ಮೇಲೆ ಹಾಡುಗಾರ ಬೇಗ ಶುರು ಮಾಡಿ ಥಟ್ಟನೆ ನಿಲ್ಲಿಸುತ್ತಾನೆ. ಆ ತಪ್ಪನ್ನು ಹಾಗೇ ಬಿಟ್ಟರು. ನನಗೆ ಹಾಡಿನಲ್ಲಿ ಅದೇ ಇಷ್ಟದ ಜಾಗ.

ಸಾಲುದೀಪ
ಪದ ಅರ್ಥ ಆಗದ ಹಾಡು ಅಂದ್ರೆ ಇಟಲಿಯ ಅಡ್ರಿಯಾನೊ ಚೆಲೆಂಟಾನೊ ಅವರ 1972ರ ಹಾಡೂ ಇದೆ. ಇಂಗ್ಲಿಷ್ ಕೇಳಿದ ಹಾಗೆ ಇರುತ್ತದೆ, ಆದರೆ 'ಆಲ್ ರೈಟ್' ಬಿಟ್ಟರೆ ಒಂದಕ್ಕೂ ಅರ್ಥ ಇಲ್ಲ. ಸುಮ್ನೆ ಸದ್ದು. 'ಪ್ರಿಸೆನ್‌ಕೊಲಿನೆನ್‌ಸಿನೈನ್‌ಚುಸೋಲ್'. ಅದರ ಕುಣಿತದ ವಿಡಿಯೊ ನೋಡಿ.

ಗಿರಗಿಟ್ಲೆ
ನೋಡಿದೆ. ಎರಡು ಗಂಟೆಯಿಂದ ಅದೇ ಹಾಡುತ್ತಿದ್ದೇನೆ.

ಸೂಜಿಮೊನೆ
ಎಲ್ಲರಿಗೂ ಧನ್ಯವಾದ. ರಾತ್ರಿ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. ಬಾಸ್‌ತಂತಿ ಹೇಳಿದ್ದೇ ಸರಿ, ಗೆಳೆಯರು ಕಳಿಸಿದ್ದು ಮರ್ಕ್ಯುರಿಯದು. ಚೆಸ್‌ನಲ್ಲಿ ಗಿಟಾರ್ ಶುರುವಾದ ಕೂಡಲೇ ಎಲ್ಲರೂ ಒಂದೇ ಬಾಗಿಲಿಂದ ನುಗ್ಗಿದ ಹಾಗಿದೆ. ಲೀಕ್ ಅವರ ಪಿಯಾನೊ ಈಗ ಹೆಸರು ಹಿಡಿದು ಕೇಳಿದೆ. ಇಷ್ಟು ದಿನ ಅದರ ಕಡೆ ಕಿವಿ ಕೊಟ್ಟೇ ಇರಲಿಲ್ಲ. ಗೆಳೆಯರಿಗೆ ಎರಡೂ ಕಳಿಸಿದೆ, ವರ್ಷ ಬರೆದು. ಅವರು ಒಪ್ಪಿದರು, ಆದರೆ ತಮಗೆ 1967ರದ್ದೇ ಇಷ್ಟ ಅಂದರು. ಸರಿ, ಅದು ಅವರ ಕಿವಿ.

ಹೊಸಬ_78
ಮೊದಲ ತಟ್ಟೆ ತೊಳೆದೆ. ಲೇಬಲ್ ಒದ್ದೆ ಆಗಲಿಲ್ಲ. ಮುಳ್ಳು ಬರುವವರೆಗೆ ಕಾಯಬೇಕು.

ಮೂಲೆಸ್ಪೀಕರ್
ಸಾಲುದೀಪ ಅವರೇ, 'ರಾಕ್ ದ ಜಾಯಿಂಟ್' ಕೇಳಿದೆ. ಹೌದು, ಅದೇ ಸೋಲೊ. ಮೂರು ಸಲ ಹಿಂದಕ್ಕೆ ಹಾಕಿ ಕೇಳಿದೆ.